ನೂರು ಎಂದ ಕಾಲ್‌ಬ್ಯಾಕ್, ಸೊನ್ನೆ ಬೈಟಿನ ಫೈಲ್

ಹೋದ ತಿಂಗಳು ಒಂದು ಶುಕ್ರವಾರ ಪ್ರಥಮ ಪಿಯುಸಿಯ ಒಂಬತ್ತು ಮಂದಿಯ ಕಂಪ್ಯೂಟರ್ ಪ್ರಾಜೆಕ್ಟ್ ಹೋಯಿತು. “ಸರ್ವರ್ ಕೈಕೊಟ್ಟಿತಂತೆ” ಎಂದು ವರಾಂಡದಲ್ಲಿ ಮಾತಾಡಿಕೊಂಡದ್ದನ್ನು ನಾನೂ ಕೇಳಿದೆ. ಆಗ ಸುಮ್ಮನಿದ್ದೆ. ಸರ್ವರ್ ಕೈಕೊಟ್ಟಿರಲಿಲ್ಲ. ಆ ಫೈಲುಗಳನ್ನು ಲ್ಯಾಬಿನ ಸರ್ವರಿಗೆ ಕಳುಹಿಸುವ ಪ್ರೋಗ್ರಾಂ ಬರೆದವನು ನಾನು, ತಪ್ಪು ಅದರಲ್ಲಿತ್ತು. ಮರುದಿನ ಮೇಡಂ ಬಳಿ ಹೇಳಿದೆ, ಒಂಬತ್ತು ಮಂದಿಯ ಬಳಿಯೂ ಹೋಗಿ ಮಾಫಿ ಕೇಳಿದೆ. ಹಾಗಾದರೆ ಇನ್ನು ಬರೆಯುವುದು ಏನಿದೆ ಎಂದು ಕೇಳಬಹುದು. ನನ್ನ ಪ್ರೋಗ್ರಾಮಿನಲ್ಲಿದ್ದ ತಪ್ಪು ಈ ವರ್ಷದ ಕನಿಷ್ಠ ಆರೇಳು ಪ್ರಾಜೆಕ್ಟುಗಳಲ್ಲಿ ಇದೆ. ನಾನೇ ಕುಳಿತು ನೋಡಿದ್ದೇನೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ಕೆಲಸ ಸಣ್ಣದು. ಲ್ಯಾಬಿನಲ್ಲಿ 38 ಸಿಸ್ಟಮ್‌ಗಳಿವೆ. ಪ್ರಥಮ ಪಿಯುಸಿಯವರು ತಮ್ಮ ತಮ್ಮ ಸಿಸ್ಟಮ್‌ನಲ್ಲಿ ಪ್ರಾಜೆಕ್ಟ್ ಮಾಡಿ ಒಂದು ಜಿಪ್ ಫೈಲ್ ಮಾಡಿಟ್ಟಿದ್ದರು. ಅದನ್ನು ಸರ್ವರಿಗೆ ಕಳುಹಿಸಬೇಕು, ಮುಂದಿನ ಬ್ಯಾಚಿಗೆ ಜಾಗ ಆಗಲಿ ಎಂದು ಇಲ್ಲಿನ ಫೋಲ್ಡರ್ ಅಳಿಸಬೇಕು. ಪೆನ್‌ಡ್ರೈವ್ ಹಿಡಿದು 38 ಸಲ ಓಡಾಡುವ ಬದಲು ನಾನು ಪೈಥಾನಿನಲ್ಲಿ, ಪ್ಯಾರಾಮಿಕೊ ಎಂಬ ಲೈಬ್ರರಿ ಬಳಸಿ ಒಂದು ಪ್ರೋಗ್ರಾಂ ಬರೆದೆ. ಅದರಲ್ಲಿ ‘ಪುಟ್’ ಎಂಬ ಫಂಕ್ಷನ್ ಇದೆ. ಯಾವ ಫೈಲು, ಎಲ್ಲಿಗೆ ಎಂದು ಹೇಳಿದರೆ ಎಸ್‌ಎಫ್‌ಟಿಪಿ ಮೂಲಕ ಕಳುಹಿಸುತ್ತದೆ. ಬೇಕಾದರೆ ಮೂರನೆಯದಾಗಿ ಒಂದು ಕಾಲ್‌ಬ್ಯಾಕ್ ಫಂಕ್ಷನ್ ಕೊಡಬಹುದು.

ಕಾಲ್‌ಬ್ಯಾಕ್ ಎಂದರೆ ಆರ್ಟ್ಸ್, ಕಾಮರ್ಸಿನವರು ಹೆದರಬೇಕಾಗಿಲ್ಲ. ಊರಿಗೆ ಹೊರಡುವಾಗ ಉಮ್ಮ ಹೇಳುವುದನ್ನು ನೆನಪಿಸಿಕೊಳ್ಳಿ. “ಬಸ್ ಹತ್ತಿದ ಕೂಡಲೇ ಒಂದು ಮಿಸ್ ಕಾಲ್ ಕೊಡು, ದಾರಿಯಲ್ಲಿ ಒಂದು ಕೊಡು.” ಉಮ್ಮ ಬಸ್ಸಿನ ಹಿಂದೆ ಓಡಿ ಬರುವುದಿಲ್ಲ. ನಂಬರ್ ಕೊಟ್ಟು ಮನೆಯಲ್ಲಿ ಕುಳಿತಿರುತ್ತಾರೆ, ಸುದ್ದಿ ತಾನಾಗಿ ಬರುತ್ತದೆ. ಇಲ್ಲಿಯೂ ಅಷ್ಟೆ. ಫೈಲ್ ಕಳುಹಿಸುವ ಕೆಲಸ ಲೈಬ್ರರಿಯದು. ನಾವು ಅದರ ಕೈಗೆ ನಮ್ಮ ಒಂದು ಫಂಕ್ಷನ್ ಕೊಟ್ಟಿರುತ್ತೇವೆ, ಅದು ನಡುನಡುವೆ ಅದನ್ನು ಕರೆದು ಇಷ್ಟು ಹೋಯಿತು ಎಂದು ತಿಳಿಸುತ್ತದೆ. ಪ್ಯಾರಾಮಿಕೊ ಕರೆಯುವಾಗ ಎರಡು ಸಂಖ್ಯೆ ಕೊಡುತ್ತದೆ: ಇಲ್ಲಿಯವರೆಗೆ ಹೋದ ಬೈಟುಗಳು ಮತ್ತು ಒಟ್ಟು ಹೋಗಬೇಕಾದ ಬೈಟುಗಳು. ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ ಸಿಕ್ಕಿತು. ಫೈಲನ್ನು 32,768 ಬೈಟುಗಳ ತುಂಡುಗಳಾಗಿ ಓದುವುದರಿಂದ 3 ಎಂಬಿಯ ಒಂದು ಜಿಪ್ ಹೋಗುವಷ್ಟರಲ್ಲಿ ನಮ್ಮ ಫಂಕ್ಷನ್ 96 ಸಲ ಕರೆಯಲ್ಪಡುತ್ತದೆ. ಪರದೆಯ ಮೇಲೆ ಹಸಿರು ಪಟ್ಟಿ ಬೆಳೆಯುವುದನ್ನು ನೋಡಲು ಚೆಂದ. ಸುಳ್ಳು ಯಾಕೆ ಹೇಳಲಿ, 3 ಎಂಬಿ ಫೈಲಿಗೆ ಆ ಪಟ್ಟಿಯ ಅಗತ್ಯವೇ ಇರಲಿಲ್ಲ. ಜೂನಿಯರ್‌ಗಳ ಎದುರು ಕಾಣಲಿ ಎಂದು ಹಾಕಿದ್ದೆ.

ಆ ಶುಕ್ರವಾರ ಹನ್ನೆರಡೂವರೆಯ ಹೊತ್ತಿಗೆ ಒಂದೊಂದೇ ಸಿಸ್ಟಮಿನಲ್ಲಿ ಪ್ರೋಗ್ರಾಂ ಓಡಿಸುತ್ತಾ ಬಂದೆ. ಜುಮಾಕ್ಕೆ ಹೋಗುವ ಆತುರ ಬೇರೆ. ಮೂವತ್ತೆಂಟು ಪರದೆಗಳಲ್ಲಿಯೂ 100 ಬಂತು. ಸಿಸ್ಟಮ್‌ಗಳನ್ನು ಆಫ್ ಮಾಡಿ ಮಸೀದಿಗೆ ಓಡಿದೆ. ಮಧ್ಯಾಹ್ನ ಮೇಡಂ ಸರ್ವರಿನಲ್ಲಿ ನೋಡಿದರೆ 29 ಫೈಲುಗಳು ಸರಿಯಾಗಿದ್ದವು. ಮೂವತ್ತನೆಯದು ಅರ್ಧ ಇತ್ತು. ಉಳಿದ ಎಂಟು ಫೈಲುಗಳಿಗೆ ಹೆಸರಿತ್ತು, ಗಾತ್ರ ಸೊನ್ನೆ ಬೈಟು. ಸರ್ವರಿನ ಡಿಸ್ಕ್ ತುಂಬಿಹೋಗಿತ್ತು. ಯಾರೋ ಹಳೆಯ ವಿಡಿಯೋಗಳನ್ನು ಅಲ್ಲಿ ಹಾಕಿದ್ದರು, ಅದು ಬಿಡಿ, ಡಿಸ್ಕ್ ತುಂಬುವುದು ಯಾವತ್ತಾದರೂ ಆಗುವಂಥದ್ದೇ. ಮೂಲ ಫೈಲುಗಳೂ ಇರಲಿಲ್ಲ. ಯಾಕೆಂದರೆ ನನ್ನ ಕಾಲ್‌ಬ್ಯಾಕಿನಲ್ಲಿ ಹೀಗೊಂದು ಸಾಲು ಇತ್ತು: ನೂರು ಆದರೆ ‘ಆಯಿತು’ ಎಂದು ಗುರುತು ಹಾಕು. ಕೆಳಗೆ ಇನ್ನೊಂದು ಸಾಲು: ಗುರುತು ಇದ್ದರೆ ಫೋಲ್ಡರ್ ಅಳಿಸು.

ಹಾಗಾದರೆ ಕಾಲ್‌ಬ್ಯಾಕ್ ಸುಳ್ಳು ಹೇಳಿತೇ? ಇಲ್ಲ. ನಾನು ಕೇಳದ ಪ್ರಶ್ನೆಗೆ ಅದು ಉತ್ತರ ಕೊಟ್ಟಿತ್ತು ಅಂತ ನಾನು ಅಂದುಕೊಂಡೆ. ಅದು ಎಣಿಸುವುದು ಈ ಕಡೆಯಿಂದ ಹೊರಟ ಬೈಟುಗಳನ್ನು. ‘ಪುಟ್’ ಕೆಲಸ ಮಾಡುವ ರೀತಿ ಹೀಗಿದೆ: ಒಂದೊಂದು ತುಂಡಿಗೂ ಸರ್ವರಿನ ಉತ್ತರಕ್ಕೆ ಕಾಯುತ್ತಾ ಕುಳಿತರೆ ಬಹಳ ನಿಧಾನ, ಆದ್ದರಿಂದ ಅದು ಕಾಯದೆ ತುಂಡಿನ ಮೇಲೆ ತುಂಡು ಕಳುಹಿಸುತ್ತಾ ಹೋಗುತ್ತದೆ. ಕೊನೆಯ ತುಂಡು ಕೈಬಿಟ್ಟಾಗ ನೂರು. ಆ ಕಡೆ ಅದನ್ನು ಬರೆದುಕೊಳ್ಳಲು ಜಾಗ ಇತ್ತೋ ಇಲ್ಲವೋ ಎಂಬುದು ಆ ಸಂಖ್ಯೆಯಲ್ಲಿ ಇಲ್ಲ. ಅದಕ್ಕಾಗಿಯೇ ಪ್ಯಾರಾಮಿಕೊ ಎಲ್ಲಾ ಮುಗಿದ ಮೇಲೆ ಇನ್ನೊಂದು ಕೆಲಸ ಮಾಡುತ್ತದೆ. ಸರ್ವರಿಗೆ “ನಿನ್ನ ಬಳಿ ಇರುವ ಈ ಫೈಲಿನ ಗಾತ್ರ ಎಷ್ಟು?” ಎಂದು ಕೇಳುತ್ತದೆ. ‘ಕನ್ಫರ್ಮ್’ ಎಂಬ ಆಯ್ಕೆ ಅದು, ನಾವು ಹೇಳದಿದ್ದರೂ ಚಾಲೂ ಇರುತ್ತದೆ. ಗಾತ್ರ ಹೊಂದದಿದ್ದರೆ ದೋಷ ಎತ್ತುತ್ತದೆ. ನನ್ನ ಒಂಬತ್ತು ಫೈಲುಗಳಿಗೂ ಎತ್ತಿತ್ತು. ಆದರೆ ನಾನು ಇಡೀ ಸಾಲನ್ನು ‘ಟ್ರೈ’ ಒಳಗೆ ಹಾಕಿ, ‘ಎಕ್ಸೆಪ್ಟ್’ ಎಂದು ಬರೆದು, ಅದರ ಕೆಳಗೆ ‘ಪಾಸ್’ ಎಂದು ಬರೆದಿದ್ದೆ. ಅಂದರೆ ಏನೇ ತೊಂದರೆಯಾದರೂ ಬಾಯಿ ಮುಚ್ಚಿಕೊಂಡು ಮುಂದೆ ಹೋಗು. ಲೈಬ್ರರಿ ಒಂಬತ್ತು ಸಲ ಕೂಗಿ ಹೇಳಿದ್ದನ್ನು ನನ್ನ ಪ್ರೋಗ್ರಾಂ ಒಂಬತ್ತು ಸಲ ಕೇಳದ ಹಾಗೆ ಮಾಡಿತು.

ನಮ್ಮಲ್ಲಿ ವಾಟ್ಸ್‌ಆ್ಯಪ್ ಬಳಸದವರು ಯಾರೂ ಇಲ್ಲ. ಒಂದು ಟಿಕ್ ಬಂದರೆ ಮೆಸೇಜ್ ನಮ್ಮ ಫೋನಿನಿಂದ ಹೊರಟಿತು ಎಂದು ಅರ್ಥ, ಎರಡು ಟಿಕ್ ಬಂದರೆ ಆ ಫೋನಿಗೆ ತಲುಪಿತು. ಬಾಪ ಗಲ್ಫಿನಲ್ಲಿರುವ ಮನೆಗಳಲ್ಲಿ ಎರಡನೇ ತರಗತಿಯ ಮಕ್ಕಳಿಗೂ ಈ ವ್ಯತ್ಯಾಸ ಗೊತ್ತು. ಒಂದೇ ಟಿಕ್ ಇದ್ದರೆ “ಬಾಪನಿಗೆ ನೆಟ್ ಇಲ್ಲ ಉಮ್ಮಾ, ಇನ್ನೂ ಹೋಗಿಲ್ಲ” ಎನ್ನುತ್ತಾರೆ. ಎರಡು ವರ್ಷ ಕಂಪ್ಯೂಟರ್ ಸೈನ್ಸ್ ಓದಿದ ನಾನು ಒಂದು ಟಿಕ್ ನೋಡಿ ಒಂಬತ್ತು ಮಂದಿಯ ಫೋಲ್ಡರ್ ಅಳಿಸಿದೆ.

ಇದು ಹೊಸ ಸಂಗತಿಯೂ ಅಲ್ಲ. ಎಫ್‌ಟಿಪಿಯ ನಿಯಮಗಳಿರುವ ಆರ್‌ಎಫ್‌ಸಿ 959 ಎಂಬ ದಾಖಲೆ 1985ರದ್ದು. ಫೈಲಿನ ವರ್ಗಾವಣೆ ಸರಿಯಾಗಿ ಮುಗಿದ ಮೇಲೆ ಸರ್ವರ್ 226 ಎಂಬ ಉತ್ತರ ಕಳುಹಿಸಬೇಕು ಎಂದು ಅದರಲ್ಲಿದೆ. ಪೈಥಾನಿನ ಎಫ್‌ಟಿಪಿಲಿಬ್‌ನಲ್ಲಿ ‘ಸ್ಟೋರ್‌ಬೈನರಿ’ಗೆ ಕಾಲ್‌ಬ್ಯಾಕ್ ಕೊಟ್ಟರೆ ಪ್ರತಿ ತುಂಡು ಕಳುಹಿಸಿದ ಮೇಲೆ ಅದನ್ನು ಕರೆಯುತ್ತದೆ. ಕೊನೆಯ ತುಂಡಿನ ನಂತರ ಅದು ಸರ್ವರಿನ ಉತ್ತರಕ್ಕೆ ಕಾಯುತ್ತದೆ. ಕಾಲ್‌ಬ್ಯಾಕಿನ ಲೆಕ್ಕ ಮುಗಿಯುವುದು ಆ ಉತ್ತರಕ್ಕಿಂತ ಮೊದಲು. ನಡುವೆ ಇರುವುದು ಒಂದು ಕ್ಷಣ ಇರಬಹುದು, ಆದರೆ ಡಿಸ್ಕ್ ತುಂಬುವುದೂ ಕರೆಂಟ್ ಹೋಗುವುದೂ ಆ ಕ್ಷಣದಲ್ಲಿಯೂ ಆಗುತ್ತದೆ.

ಇನ್ನೊಂದು ಗಲಿಬಿಲಿ ಇದೆ. ಎಲ್ಲಾ ಲೈಬ್ರರಿಗಳೂ ಒಂದೇ ಸಂಖ್ಯೆ ಕೊಡುವುದಿಲ್ಲ, ನಾವು ಒಂದರಿಂದ ಕಾಪಿ ಮಾಡಿದ ಕಾಲ್‌ಬ್ಯಾಕನ್ನು ಇನ್ನೊಂದಕ್ಕೆ ಅಂಟಿಸುತ್ತೇವೆ. ಪೈಥಾನಿನ ಜೊತೆಗೇ ಬರುವ ಯುಆರ್‌ಎಲ್‌ರಿಟ್ರೀವ್ ತನ್ನ ‘ರಿಪೋರ್ಟ್‌ಹುಕ್’ಗೆ ಮೂರು ಸಂಖ್ಯೆ ಕೊಡುತ್ತದೆ: ಎಷ್ಟನೇ ತುಂಡು, ಒಂದು ತುಂಡಿನ ಗಾತ್ರ, ಒಟ್ಟು ಗಾತ್ರ. ಮೊದಲೆರಡನ್ನು ಗುಣಿಸಿ ಶೇಕಡಾ ತೆಗೆಯುವುದು ಎಲ್ಲರ ರೂಢಿ. ತುಂಡಿನ ಗಾತ್ರ 8,192 ಬೈಟು. 1,00,000 ಬೈಟುಗಳ ಫೈಲಿಗೆ 13 ತುಂಡು ಬೇಕು, ಕೊನೆಯದು ಪೂರ್ತಿ ತುಂಬಿರುವುದಿಲ್ಲ. ಆದರೆ ಗುಣಿಸಿದರೆ 1,06,496 ಬರುತ್ತದೆ, ಪಟ್ಟಿ 106 ಶೇಕಡಾ ತೋರಿಸುತ್ತದೆ. ನಮ್ಮ ಕ್ಲಾಸಿನ ಒಂದು ಪ್ರಾಜೆಕ್ಟ್ ಇದನ್ನೇ ತೋರಿಸಿ ಎಲ್ಲರೂ ನಕ್ಕಿದ್ದೆವು. ಅದನ್ನು ಬರೆದವನು ಮರುದಿನ ನೂರಕ್ಕಿಂತ ಹೆಚ್ಚಾದರೆ ನೂರು ಎಂದೇ ತೋರಿಸು ಎಂದು ಒಂದು ಸಾಲು ಸೇರಿಸಿದ. ಅದು ಸರಿಯಾದ ತಿದ್ದುಪಡಿಯೇ. ಆದರೆ ಯಾಕೆ 106 ಬಂತು ಎಂದು ಕೇಳಿದರೆ “ಏನೋ ಬಗ್” ಎಂದ. ಕೆಲವು ಸರ್ವರ್‌ಗಳು ಒಟ್ಟು ಗಾತ್ರವನ್ನೇ ಹೇಳುವುದಿಲ್ಲ. ಆಗ ಅದೇ ರಿಪೋರ್ಟ್‌ಹುಕ್‌ಗೆ ಒಟ್ಟು ಗಾತ್ರ ಎಂದು ಬರುವುದು -1. ಅದರಿಂದ ಭಾಗಿಸಿ ನೋಡಿ, ತಮಾಷೆ ಗೊತ್ತಾಗುತ್ತದೆ.

ಅಮೆಜಾನಿನ ಸಂಗ್ರಹಕ್ಕೆ ಫೈಲ್ ಕಳುಹಿಸುವ ಬೊಟೊ3ರಲ್ಲಿ ಕಾಲ್‌ಬ್ಯಾಕಿಗೆ ಬರುವುದು ಒಂದೇ ಸಂಖ್ಯೆ. ಅದು ಇಲ್ಲಿಯವರೆಗಿನ ಮೊತ್ತವಲ್ಲ, ಈ ಸಲ ಹೋದದ್ದು ಮಾತ್ರ. ಕೂಡಿಸಿಕೊಳ್ಳುವ ಕೆಲಸ ನಮ್ಮದು. ದೊಡ್ಡ ಫೈಲನ್ನು ಅದು ಹಲವು ಥ್ರೆಡ್‌ಗಳಲ್ಲಿ ಒಟ್ಟಿಗೆ ಕಳುಹಿಸುವುದರಿಂದ ಇಬ್ಬರು ಒಂದೇ ಸಲ ಲೆಕ್ಕದ ಪುಸ್ತಕಕ್ಕೆ ಕೈಹಾಕದ ಹಾಗೆ ಲಾಕ್ ಕೂಡ ಹಾಕಬೇಕು. ಲಿಬ್‌ಕರ್ಲ್‌ನಲ್ಲಿ ಕಾಲ್‌ಬ್ಯಾಕಿಗೆ ಇನ್ನೂ ಒಂದು ಅಧಿಕಾರ ಇದೆ. ಅದು ಸೊನ್ನೆಯಲ್ಲದ ಸಂಖ್ಯೆಯನ್ನು ಹಿಂದಿರುಗಿಸಿದರೆ ವರ್ಗಾವಣೆಯೇ ನಿಲ್ಲುತ್ತದೆ. ‘ಕ್ಯಾನ್ಸಲ್’ ಬಟನ್ನಿಗೆ ಜೀವ ಬರುವುದು ಹಾಗೆ. ನಮ್ಮ ಪ್ರಾಜೆಕ್ಟುಗಳ ಕ್ಯಾನ್ಸಲ್ ಬಟನ್‌ಗಳಲ್ಲಿ ಹೆಚ್ಚಿನವು ಕಿಟಕಿ ಮುಚ್ಚುತ್ತವೆ, ಹಿಂದೆ ಫೈಲ್ ಹೋಗುತ್ತಲೇ ಇರುತ್ತದೆ.

ಇಷ್ಟೆಲ್ಲ ಗೊತ್ತಿಲ್ಲದೆ ಆಗುವ ತಪ್ಪುಗಳು. ಗೊತ್ತಿದ್ದೂ ಮಾಡುವ ಇನ್ನೊಂದಿದೆ, ನನಗೆ ನಿಜವಾಗಿ ಸಿಟ್ಟು ಬರುವುದು ಅದರ ಮೇಲೆ. ಕಾಲ್‌ಬ್ಯಾಕಿನ ಗೋಜೇ ಬೇಡ ಎಂದು ಒಂದು ಲೂಪ್ ಹಾಕಿ, ಒಂದರಿಂದ ನೂರರವರೆಗೆ ಎಣಿಸಿ, ನಡುನಡುವೆ ‘ಸ್ಲೀಪ್’ ಎಂದು ಬರೆದು ಪಟ್ಟಿ ಓಡಿಸುವುದು. ಫೈಲಿಗೂ ಪಟ್ಟಿಗೂ ಯಾವ ಸಂಬಂಧವೂ ಇಲ್ಲ. ಹಿಂದಿನ ವಸ್ತುಪ್ರದರ್ಶನದಲ್ಲಿ ಬಹುಮಾನ ಪಡೆದ ಒಂದು ಪ್ರಾಜೆಕ್ಟಿನಲ್ಲಿ ಇದೇ ಇತ್ತು. ಕೇಳಿದರೆ, “ನೋಡುವವರಿಗೆ ಸಮಾಧಾನ ಆಗಬೇಕು ಅಷ್ಟೆ ಅಲ್ವಾ” ಎಂಬ ಉತ್ತರ ಬಂತು.

ಸಮಾಧಾನದ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ. 1985ರಲ್ಲೇ ಬ್ರಾಡ್ ಮೈಯರ್ಸ್ ಎಂಬ ಸಂಶೋಧಕರು ಕಂಪ್ಯೂಟರಿನಲ್ಲಿ ಶೇಕಡಾ ತೋರಿಸುವ ಪಟ್ಟಿಗಳ ಬಗ್ಗೆ ಪ್ರಬಂಧ ಬರೆದರು. ಎಷ್ಟು ಆಯಿತು ಎಂದು ತೋರಿಸುವುದನ್ನು ಜನ ಇಷ್ಟಪಡುತ್ತಾರೆ ಎಂದು ಅವರು ಕಂಡುಕೊಂಡರು. ನಮಗೂ ಅನುಭವ ಇದೆ, ಏನೂ ಅಲ್ಲಾಡದ ಪರದೆಯ ಎದುರು ಎರಡು ನಿಮಿಷ ಕೂರುವುದು ಕಷ್ಟ. ಆದರೆ ಆ ಪಟ್ಟಿಯನ್ನು ನಂಬಿ ನಾವು ಎದ್ದು ಹೋಗುತ್ತೇವೆ, ಸಿಸ್ಟಮ್ ಆಫ್ ಮಾಡುತ್ತೇವೆ, ಮೂಲವನ್ನು ಅಳಿಸುತ್ತೇವೆ. ಜನ ಅದನ್ನು ನೋಡಿ ನಿರ್ಧಾರ ತೆಗೆದುಕೊಳ್ಳುವ ಮೇಲೆ ಅದು ಅಲಂಕಾರ ಆಗುವುದು ಹೇಗೆ? ಕುರ್‌ಆನಿನ 83ನೇ ಅಧ್ಯಾಯದ ಹೆಸರು ಅಲ್ ಮುತಫ್ಫಿಫೀನ್, ಅಳತೆಯಲ್ಲಿ ಕಡಿಮೆ ಕೊಡುವವರು ಎಂದು ಅರ್ಥ. ಮದ್ರಸದಲ್ಲಿ ಅದನ್ನು ಕಲಿಯುವಾಗ ನನ್ನ ಕಣ್ಣಮುಂದೆ ಬರುತ್ತಿದ್ದದ್ದು ದಿನಸಿ ಅಂಗಡಿಯ ತಕ್ಕಡಿ. ನಾನೂ ಒಂದು ತಕ್ಕಡಿ ಮಾಡುತ್ತಿದ್ದೇನೆ ಎಂದು ಪ್ರೋಗ್ರಾಂ ಬರೆಯುವಾಗ ಹೊಳೆದಿರಲಿಲ್ಲ. ಒಟ್ಟು ಗಾತ್ರ ಗೊತ್ತಿಲ್ಲದಿದ್ದರೆ ‘ಇಷ್ಟು ಎಂಬಿ ಹೋಗಿದೆ’ ಎಂದು ಬರೆದರೆ ಸಾಕು. ಶೇಕಡಾ ಬೇಕೆಂದು ಯಾರೂ ಪಟ್ಟುಹಿಡಿದಿಲ್ಲ.

ಈ ಮಾತು ಲ್ಯಾಬಿಗೆ ಮಾತ್ರ ಸೇರಿದ್ದಲ್ಲ. ಸ್ಕಾಲರ್‌ಶಿಪ್ ಅರ್ಜಿಯ ಸಮಯದಲ್ಲಿ ನಮ್ಮಲ್ಲಿ ಎಷ್ಟು ಮಂದಿ ಸೈಬರ್ ಸೆಂಟರಿನ ಸಾಲಿನಲ್ಲಿ ನಿಲ್ಲುತ್ತೇವೆ ಎಂದು ಎಲ್ಲರಿಗೂ ಗೊತ್ತು. ಹೋದ ವರ್ಷ ನನ್ನ ಬೆಂಚಿನ ಗೆಳೆಯ ಆದಾಯ ಪ್ರಮಾಣಪತ್ರ ಅಪ್‌ಲೋಡ್ ಮಾಡಿಸಿದ. ಪಟ್ಟಿ ನೂರಕ್ಕೆ ಹೋಯಿತು, ಪುಟ ಸ್ವಲ್ಪ ಹೊತ್ತು ತಿರುಗುತ್ತಿತ್ತು, “ಆಯಿತು, ಮುಂದಿನವರು” ಎಂದರು. ಇವನೂ ಎದ್ದ. ಕೊನೆಯ ದಿನಾಂಕ ಕಳೆದ ಮೇಲೆ ನೋಡಿದರೆ ಅರ್ಜಿ ‘ದಾಖಲೆ ಇಲ್ಲ’ ಎಂದು ನಿಂತಿತ್ತು. ಫೀಸಿಗೆ ಅವನ ಬಾಪ ಸಾಲ ಮಾಡಿದರು. ಬ್ರೌಸರಿನಲ್ಲಿ ಅಪ್‌ಲೋಡ್ ಪಟ್ಟಿ ಓಡಿಸುವ ಜಾವಾಸ್ಕ್ರಿಪ್ಟ್ ಘಟನೆಯೂ ಎಣಿಸುವುದು ಇಲ್ಲಿಂದ ಹೊರಟ ಬೈಟುಗಳನ್ನೇ. ಸರ್ವರ್ ಅದನ್ನು ತೆಗೆದುಕೊಂಡು, ಪರೀಕ್ಷಿಸಿ, ಉಳಿಸಿ, ಉತ್ತರ ಕೊಡುವುದು ಆಮೇಲೆ. ಪುಟ ತಿರುಗುತ್ತಿತ್ತಲ್ಲ, ಅದೇ ಆ ಹೊತ್ತು. ಆದ್ದರಿಂದ ಈ ವರ್ಷ ಅರ್ಜಿ ಹಾಕುವ ಜೂನಿಯರ್‌ಗಳಿಗೆ ನನ್ನ ವಿನಂತಿ: ಪಟ್ಟಿ ನೂರು ಎಂದಾಗ ಕುರ್ಚಿಯಿಂದ ಏಳಬೇಡಿ. ಪುಟ ನಿಂತು, ಅರ್ಜಿ ಸಂಖ್ಯೆ ಬಂದು, ಅಪ್‌ಲೋಡ್ ಆದ ದಾಖಲೆಯನ್ನು ಅಲ್ಲಿಂದಲೇ ತೆರೆದು ನೋಡಿ, ಪ್ರಿಂಟ್ ತೆಗೆದುಕೊಂಡ ಮೇಲೆ ಏಳಿ. ಹಿಂದೆ ಸಾಲಿನಲ್ಲಿರುವವರು ಬೈದರೆ ಬೈಯಲಿ. ಅರ್ಜಿಗಳಿಗೆ ನೆರವಾಗುವ ನಮ್ಮ ಕಾಲೇಜಿನ ಸಿಬ್ಬಂದಿಯವರಲ್ಲಿಯೂ ಇದೇ ವಿನಂತಿ, ಆ ಪ್ರಿಂಟ್ ಇಲ್ಲದೆ ಯಾರನ್ನೂ ಮನೆಗೆ ಕಳುಹಿಸಬೇಡಿ.

ಕಂಪ್ಯೂಟರ್ ವಿಭಾಗದ ಉಪನ್ಯಾಸಕರಲ್ಲಿ ಒಂದು ಬೇಡಿಕೆ ಇದೆ. ಪ್ರಾಜೆಕ್ಟಿನ ವೈವಾದಲ್ಲಿ ನೀವು ಪರದೆ ನೋಡಿ ಅಂಕ ಕೊಡುತ್ತೀರಿ. ಫೈಲ್ ಕಳುಹಿಸುವ ಪ್ರಾಜೆಕ್ಟ್ ಆದರೆ ಪಟ್ಟಿ ನಲವತ್ತಕ್ಕೆ ಬಂದಾಗ ದಯವಿಟ್ಟು ನೆಟ್‌ವರ್ಕ್ ಕೇಬಲ್ ಎಳೆಯಿರಿ. ಸ್ಲೀಪ್ ಹಾಕಿ ಮಾಡಿದ ಪಟ್ಟಿ ಏನೂ ಆಗದ ಹಾಗೆ ನೂರಕ್ಕೆ ಹೋಗುತ್ತದೆ. ನಿಜವಾದದ್ದು ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ದೋಷ ತೋರಿಸುತ್ತದೆ. ಆ ದೋಷದ ಸಂದೇಶ ಓದುವ ಹಾಗೆ ಇದ್ದರೆ ಅದಕ್ಕೂ ಎರಡು ಅಂಕ ಇಡಿ. ಈಗ ದೋಷ ಬಂದರೆ ಅಂಕ ಹೋಗುತ್ತದೆ ಎಂಬ ಹೆದರಿಕೆಯಿಂದ ನಾವೆಲ್ಲ ‘ಎಕ್ಸೆಪ್ಟ್, ಪಾಸ್’ ಬರೆಯುವುದು, ಇದನ್ನು ಹೇಳಲು ನನಗೆ ನಾಚಿಕೆ ಇಲ್ಲ. ನಾನೂ ಅದಕ್ಕೇ ಬರೆದದ್ದು. ಕೆಂಪು ಅಕ್ಷರ ಕಾಣಿಸದ ಪ್ರೋಗ್ರಾಂ ಒಳ್ಳೆಯ ಪ್ರೋಗ್ರಾಂ ಎಂದು ಮೊದಲ ದಿನದಿಂದ ಅಂದುಕೊಂಡಿದ್ದೆವು.

ಆ ಒಂಬತ್ತು ಮಂದಿಯಲ್ಲಿ ಒಬ್ಬಳು ಮೇಡಂ ಬಳಿ ಹೇಳಿದ್ದು ಒಂದೇ ಮಾತು. “ಮನೆಯಲ್ಲಿ ಕಂಪ್ಯೂಟರ್ ಇಲ್ಲ ಮೇಡಂ, ಭಾನುವಾರ ಲ್ಯಾಬ್ ತೆರೆಯಬಹುದಾ?” ಅವಳು ಇಡೀ ಪ್ರಾಜೆಕ್ಟನ್ನು ಲ್ಯಾಬ್ ಅವಧಿಗಳಲ್ಲೇ, ಮೂರು ವಾರ, ಒಂದು ಬೆರಳಿನಲ್ಲಿ ಟೈಪ್ ಮಾಡಿದ್ದಳು. ಮೇಡಂ ತೆರೆದರು. ನಾನೂ ಹೋಗಿ ಒಂಬತ್ತು ಮಂದಿಯ ಜೊತೆ ಸಂಜೆಯವರೆಗೆ ಕುಳಿತೆ. ಕೆಲವರದ್ದು ಮೊದಲಿಗಿಂತ ಚೆನ್ನಾಗಿ ಬಂತು, ಇಬ್ಬರದ್ದು ಬರಲಿಲ್ಲ.

ಪ್ರೋಗ್ರಾಮನ್ನು ತಿದ್ದಿದ್ದೇನೆ. ಕಾಲ್‌ಬ್ಯಾಕ್ ಈಗಲೂ ಇದೆ, ಆದರೆ ಅದಕ್ಕೆ ತೋರಿಸುವ ಕೆಲಸ ಮಾತ್ರ. ಪ್ರತಿ ತುಂಡಿಗೂ ಪ್ರಿಂಟ್ ಮಾಡುವುದಿಲ್ಲ, ಶೇಕಡಾ ಬದಲಾದಾಗ ಮಾತ್ರ. ನೂರಾದಾಗ ಪರದೆಯಲ್ಲಿ ‘ಕಳುಹಿಸಿದೆ’ ಎಂದು ಬರುತ್ತದೆ. ಆಮೇಲೆ ಗಾತ್ರ ಹೊಂದಬೇಕು. ಆಮೇಲೆ ಇಲ್ಲಿನ ಫೈಲಿನ ಎಸ್‌ಎಚ್‌ಎ-256 ಮೊತ್ತವನ್ನೂ ಸರ್ವರಿನಲ್ಲಿರುವ ಫೈಲಿನ ಮೊತ್ತವನ್ನೂ ತೆಗೆದು ಹೋಲಿಸುತ್ತದೆ. ಒಂದು ಬೈಟು ಬೇರೆಯಾದರೂ ಆ ಮೊತ್ತ ಬೇರೆಯಾಗುತ್ತದೆ. ಎರಡೂ ಒಂದೇ ಆದರೆ ‘ತಲುಪಿದೆ’ ಎಂದು ಬರುತ್ತದೆ. ಫೋಲ್ಡರ್ ಅಳಿಸುವ ಸಾಲು ಈಗ ಪ್ರೋಗ್ರಾಮಿನಲ್ಲಿ ಇಲ್ಲ. ಅದನ್ನು ಮೇಡಂ ಸರ್ವರ್ ನೋಡಿದ ಮೇಲೆ ಕೈಯಿಂದ ಮಾಡುತ್ತಾರೆ. ‘ಪಾಸ್’ ಇದ್ದಲ್ಲಿ ದೋಷವನ್ನು ದಿನಾಂಕ, ಸಮಯ, ಸಿಸ್ಟಮ್ ಸಂಖ್ಯೆಯ ಜೊತೆ ಒಂದು ಲಾಗ್ ಫೈಲಿಗೆ ಬರೆಯುತ್ತದೆ.

ಕಳೆದ ಗುರುವಾರ ಎರಡನೇ ಬ್ಯಾಚಿನ ಫೈಲುಗಳನ್ನು ಕಳುಹಿಸಿದೆವು. 36 ಸಿಸ್ಟಮ್‌ಗಳಲ್ಲಿ ‘ತಲುಪಿದೆ’ ಎಂದು ಬಂತು. 14 ಮತ್ತು 27ರಲ್ಲಿ ಬರಲಿಲ್ಲ. 27ರ ಕೇಬಲ್ ಸಡಿಲವಾಗಿತ್ತು. 14ರದ್ದು ಯಾಕೆ ಎಂದು ಇನ್ನೂ ಹುಡುಕುತ್ತಿದ್ದೇವೆ, ಫೈಲ್ ಅಲ್ಲಿಯೇ ಇದೆ.